ರುಕ್ಮಿಣಮ್ಮನವರ ಎಲೆಡಬ್ಬಿ

ರುಕ್ಮಿಣಮ್ಮನವರು ಎಲೆಯಡಿಕೆ ಹಾಕುತ್ತಿರಲಿಲ್ಲ. ಎಪ್ಪತ್ತು ದಾಟಿದರೂ ಅವರ ಹಲ್ಲುಗಳು ಬೆಳ್ಳಗಿದ್ದವು, ತುಟಿಯ ಅಂಚಿನಲ್ಲಿ ಕೆಂಪಿನ ಒಂದು ಗೆರೆಯೂ ಇರಲಿಲ್ಲ. ಆದರೂ ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ದಿನಕ್ಕೆ ಇಪ್ಪತ್ತು ವೀಳ್ಯದೆಲೆ ಕೊಳ್ಳುತ್ತಿದ್ದ ಮನೆ ಅವರದೊಂದೇ. ಭಾನುವಾರವೂ ತಪ್ಪುತ್ತಿರಲಿಲ್ಲ. ಗೇಟಿನ ಆಚೆ ಬೇವಿನ ಮರದ ಕೆಳಗೆ ಪಾನ್ ಅಂಗಡಿ ಇಟ್ಟಿದ್ದ ರಾಮ್‌ಸನೇಹಿ ಒದ್ದೆ ಬಟ್ಟೆ ಸರಿಸಿ ಎಲೆ ಎಣಿಸುವಾಗ, ಇವರು ಪಕ್ಕದಲ್ಲಿ ನಿಂತು ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದರು.

"ಮಾತಾಜಿ, ನೀವು ತಿನ್ನೋದಂತೂ ಇಲ್ಲ, ಇಷ್ಟು ಪರೀಕ್ಷೆ ಯಾಕೆ?" ಎಂದು ಅವನು ಹಿಂದಿಯಲ್ಲಿ ಕೇಳಿದರೆ, "ತಿನ್ನೋದು ನಾನಲ್ಲ ಭಯ್ಯಾ, ನನ್ನ ಡಬ್ಬಿ. ಅದಕ್ಕೆ ನಾಲಿಗೆ ಬಹಳ ಚುರುಕು" ಎನ್ನುತ್ತಿದ್ದರು.

ಆ ಡಬ್ಬಿ ಬರ್ಮಾದ್ದು. ಒಂದು ಗೇಣು ಎತ್ತರ, ದುಂಡಗೆ. ಬಣ್ಣ ಹಳೆಯ ಇಟ್ಟಿಗೆಯ ಕೆಂಪು. ಮೈತುಂಬ ಸೂಜಿಮೊನೆಯಲ್ಲಿ ಕೊರೆದ ಹಸಿರು, ಹಳದಿ ಗೆರೆಗಳು. ಹತ್ತಿರ ಹಿಡಿದು ನೋಡಿದರೆ ಆ ಗೆರೆಗಳ ನಡುವೆ ಆನೆ, ಹಕ್ಕಿ, ಮಂಡಿಯೂರಿ ಕೂತ ಮನುಷ್ಯರು. ಮುಚ್ಚಳ ಬಾಯಿಗಷ್ಟೇ ಅಲ್ಲ, ಬುಡದವರೆಗೂ ಇಳಿಯುವಂಥದು. ಒಂದು ಡಬ್ಬಿಯ ಮೇಲೆ ಇನ್ನೊಂದು ಡಬ್ಬಿಯನ್ನು ಬೋರಲು ಹಾಕಿದಂತೆ. ಒಳಗೆ ಎರಡು ತಟ್ಟೆಗಳು. ಮೇಲಿನದರಲ್ಲಿ ಸುಣ್ಣ, ಕಾಚು, ಲವಂಗದ ಪುಟ್ಟ ಬಟ್ಟಲುಗಳು, ಕೆಳಗಿನದರಲ್ಲಿ ಅಡಿಕೆ. ಎಲ್ಲಕ್ಕಿಂತ ಕೆಳಗೆ, ತಳದಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ.

"ಇದು ಮರ ಅಲ್ಲ ರಾಯರೇ, ಬಿದಿರು," ಎಂದು ಮೊದಲ ಸಲ ನನಗೆ ತೋರಿಸುವಾಗ ಹೇಳಿದ್ದರು. "ಬಿದಿರು ಸೀಳಿ ಸುರುಳಿ ಸುತ್ತಿ, ಅದರ ಮೇಲೆ ಒಂದು ಮರದ ಸೋನೆ ಬಳೀತಾರೆ. ನಮ್ಮ ಚನ್ನಪಟ್ಟಣದ ಗೊಂಬೆಗೆ ಹಚ್ಚೋ ಅರಗಲ್ಲ, ಇದು ಬೇರೆ. ಬಳಿದು ನೆಲಮಾಳಿಗೆಯಲ್ಲಿ ಇಡ್ತಾರೆ. ಮತ್ತೆ ಬಳೀತಾರೆ, ಮತ್ತೆ ಇಡ್ತಾರೆ. ತಿಂಗಳುಗಟ್ಟಲೆ. ಬಿಸಿಲಲ್ಲಿ ಒಣಗಲ್ಲ ಇದು, ತೇವದಲ್ಲಿ ಗಟ್ಟಿಯಾಗುತ್ತೆ. ವಿಚಿತ್ರ ನೋಡಿ."

ಆಮೇಲೆ ಮುಚ್ಚಳವನ್ನು ಡಬ್ಬಿಯ ಮೇಲಿಟ್ಟು ಕೈ ಬಿಟ್ಟರು. ಅದು ಧಪ್ಪನೆ ಬೀಳಲಿಲ್ಲ. ಒಳಗಿನ ಗಾಳಿಯನ್ನು ಅಂಚಿನಿಂದ ಹೊರಗೆ ದಬ್ಬುತ್ತಾ, ನಿಟ್ಟುಸಿರು ಬಿಟ್ಟಂತೆ, ತನ್ನಷ್ಟಕ್ಕೆ ತಾನೇ ಇಳಿಯತೊಡಗಿತು. ರುಕ್ಮಿಣಮ್ಮನವರು ಕಣ್ಣು ಮುಚ್ಚಿ ಎಣಿಸಿದರು. ಅವರು ಒಂಬತ್ತು ಎನ್ನುವಾಗ ಮುಚ್ಚಳ ತಳ ಮುಟ್ಟಿತು. ನಾನು ನನ್ನ ಕೈಗಡಿಯಾರ ನೋಡುತ್ತಿದ್ದೆ. ಸರಿಯಾಗಿ ಒಂಬತ್ತು ಸೆಕೆಂಡು.

ಈ ಗಡಿಯಾರದ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮೂವತ್ತೈದು ವರ್ಷ ಹವಾಮಾನ ವೀಕ್ಷಕನಾಗಿ ಸರ್ಕಾರಿ ನೌಕರಿ ಮಾಡಿದವನು. ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಉಷ್ಣತೆ, ಗಾಳಿ, ಒತ್ತಡ, ತೇವ ಇಷ್ಟನ್ನೂ ನೋಡಿ ಬರೆಯುವುದು ನನ್ನ ಕೆಲಸ. ಎಂಟು ಮೂವತ್ತೊಂದಕ್ಕೆ ಬರೆದರೆ ಅದು ತಪ್ಪು. ನಿವೃತ್ತನಾಗಿ ಮಯೂರ್ ವಿಹಾರಕ್ಕೆ ಬಂದ ಮೇಲೂ ಬಾಲ್ಕನಿಯಲ್ಲಿ ಎರಡು ಉಷ್ಣಮಾಪಕ ತೂಗುಹಾಕಿಕೊಂಡೆ. ಒಂದರ ಬಲ್ಬು ಒಣಗಿದ್ದು, ಇನ್ನೊಂದರ ಬಲ್ಬಿಗೆ ಒದ್ದೆ ಬಟ್ಟೆ. ಎರಡರ ವ್ಯತ್ಯಾಸ ನೋಡಿದರೆ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಲೆಕ್ಕ ಸಿಗುತ್ತದೆ. ಯಾರಿಗಾಗಿ ಬರೆಯುತ್ತೀರಿ ಎಂದು ನನ್ನ ಹೆಂಡತಿ ಶಾರದಾ ಕೇಳಿದ್ದುಂಟು. ನೋಟ್‌ಬುಕ್ಕಿಗಾಗಿ ಎಂದಿದ್ದೆ.

ರುಕ್ಮಿಣಮ್ಮನವರು ನಮ್ಮ ಕೆಳಗಿನ ಮನೆಯವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಮೈಸೂರಿನ ಕಡೆಯ ಅವರ ತಂದೆ ರಂಗೂನಿನಲ್ಲಿ ಅಕ್ಕಿ ಗಿರಣಿಯೊಂದರ ಗುಮಾಸ್ತರಾಗಿದ್ದರು. ಇವರು ಹುಟ್ಟಿ ಬೆಳೆದದ್ದು ಅಲ್ಲೇ. ಆದ್ದರಿಂದ ಅವರ ಕನ್ನಡಕ್ಕೆ ಯಾವ ಊರಿನ ವಾಸನೆಯೂ ಇರಲಿಲ್ಲ. ಅಪ್ಪ ಅಮ್ಮ ಮನೆಯೊಳಗೆ ಆಡಿದಷ್ಟೇ ಕನ್ನಡ, ಅದರ ಮೇಲೆ ದೆಹಲಿಯ "ಅಚ್ಛಾ", "ಚಲೋ".

ಆ ಡಬ್ಬಿ ಅವರ ತಾಯಿಗೆ ಪಕ್ಕದ ಮನೆಯ ಬರ್ಮೀ ಹೆಂಗಸು ಕೊಟ್ಟದ್ದು. ಅವಳ ಅಜ್ಜಿಯ ಕಾಲದ್ದು, ಡಬ್ಬಿಗಳಿಗೇ ಹೆಸರಾದ ಬಗಾನ್ ಊರಿನದು. ತಾಯಿಯ ನಂತರ ಅದು ಹಿರಿಯ ಮಗಳು ಪದ್ದಕ್ಕನಿಗೆ ಸೇರಬೇಕಾದದ್ದು, ಸೇರಿಯೂ ಇತ್ತು. ಆದರೆ ಅರವತ್ತರ ದಶಕದಲ್ಲಿ ಭಾರತೀಯರು ಬರ್ಮಾ ಬಿಟ್ಟು ಹೊರಡಬೇಕಾಗಿ ಬಂದಾಗ, ಬರ್ಮೀಯನನ್ನು ಮದುವೆಯಾಗಿದ್ದ ಪದ್ದಕ್ಕ ಅಲ್ಲೇ ಉಳಿದರು. ಇವರು ಹಡಗು ಹತ್ತಿದರು. ಹೊರಡುವ ಬೆಳಿಗ್ಗೆ ಅಕ್ಕ ಆ ಡಬ್ಬಿಯಲ್ಲಿ ಎಲೆ, ಅಡಿಕೆ, ಸುಣ್ಣ ತುಂಬಿ ತಂಗಿಯ ತೊಡೆಯ ಮೇಲಿಟ್ಟರಂತೆ.

"ಬಂದರಿನ ಸುಂಕದ ಕಟ್ಟೆಯಲ್ಲಿ ಒಬ್ಬ ಅಧಿಕಾರಿ ಎಲ್ಲರ ಗಂಟೂ ಬಿಚ್ಚಿಸ್ತಿದ್ದ," ಎಂದು ರುಕ್ಮಿಣಮ್ಮನವರು ಹೇಳುತ್ತಿದ್ದರು. "ಚಿನ್ನ ಅಂತೂ ಬಿಡಿ, ಹಿತ್ತಾಳೆ ದೀಪ ಕೂಡ ಬಿಡ್ಲಿಲ್ಲ. ನನ್ನ ಹತ್ರ ಬಂದ. ಡಬ್ಬಿ ತೆಗೆದ. ಎಲೆ ನೋಡಿದ. ನಾನು ಒಂದು ಎಲೆ ಎತ್ತಿ ಸುಣ್ಣ ಹಚ್ಚಿ ಕೊಟ್ಟೆ. ಹಾಕ್ಕೊಂಡ. ಎಲೆ ಹಾಕ್ಕೊಂಡ ಮನೆಯ ಡಬ್ಬಿ ಹೇಗೆ ಕಿತ್ಕೊಳ್ತಾನೆ? ಮುಚ್ಚಳ ಅವನೇ ಮುಚ್ಚಿದ. ಅಕ್ಕ ಹೇಳಿದ್ದೇ ಅದು: ಖಾಲಿ ಇದ್ರೆ ಕಸ್ಕೋತಾರೆ, ತುಂಬಿದ್ರೆ ಕೈ ಹಾಕಲ್ಲ. ಬರುವಾಗ ವಾಪಸ್ ತಾ, ಅಲ್ಲೀವರೆಗೆ ಒಂದು ದಿನಾನೂ ಖಾಲಿ ಇಡ್ಬೇಡ ಅಂದಳು."

ಅವರು ಹಿಂದಿರುಗಿ ಹೋಗುವುದು ಆಗಲೇ ಇಲ್ಲ. ಪಾಸ್‌ಪೋರ್ಟು, ವೀಸಾ, ಗಂಡನ ಕಾಯಿಲೆ, ಒಂದರ ಹಿಂದೆ ಒಂದು. ಅಂಚೆಯಲ್ಲಿ ಕಳಿಸಬಹುದಿತ್ತಲ್ಲ ಎಂದು ನಾನು ಕೇಳಿದ್ದೆ. "ಅಂಚೆಯಲ್ಲಿ ಎಲೆ ಬದಲಾಯಿಸೋರು ಯಾರು?" ಎಂದು ನನ್ನನ್ನು ದಡ್ಡನೊಬ್ಬನನ್ನು ನೋಡುವಂತೆ ನೋಡಿದ್ದರು. ನಲವತ್ತು ವರ್ಷ ಅವರು ಆ ಡಬ್ಬಿಯನ್ನು ತಮ್ಮದೆಂದು ಕರೆಯಲಿಲ್ಲ. ರಾಮ್‌ಸನೇಹಿಯ ಮುಂದೆ ಮಾತ್ರ "ನನ್ನ ಡಬ್ಬಿ". ಮನೆಯೊಳಗೆ ಅದು ಯಾವಾಗಲೂ "ಅಕ್ಕನ ಡಬ್ಬಿ".

ಖಾಲಿ ಇಡಬಾರದು ಎಂದಾದ ಮೇಲೆ ಎಲೆಯನ್ನು ಯಾರಾದರೂ ತಿನ್ನಬೇಕಲ್ಲ. ಹಾಗಾಗಿ ಸಂಜೆ ಐದರಿಂದ ಅವರ ಬಾಗಿಲು ತೆರೆದಿರುತ್ತಿತ್ತು. ಪೋಸ್ಟ್‌ಮ್ಯಾನ್, ಇಸ್ತ್ರಿಯವನು, ವಾಚ್‌ಮನ್, ಮೂರನೇ ಮಹಡಿಯ ಕಪೂರ್ ಸಾಹೇಬರು, ಬಾಡಿಗೆ ಮನೆ ಹುಡುಕಿಕೊಂಡು ಬಂದು ವಿಳಾಸ ತಪ್ಪಿದವರು, ಯಾರು ಬಂದರೂ "ಬನ್ನಿ, ಕೂತ್ಕೊಳ್ಳಿ, ಎಲೆ ಹಾಕ್ಕೊಳ್ಳಿ". ಹಿಂದಿಯವರಿಗೂ ಇದನ್ನು ಕನ್ನಡದಲ್ಲೇ ಹೇಳುತ್ತಿದ್ದರು. ಎಲ್ಲರಿಗೂ ಅರ್ಥವಾಗುತ್ತಿತ್ತು. ಎಲೆ ಹಾಕದವರ ಬಗ್ಗೆ ಅವರಿಗೆ ಸ್ವಲ್ಪ ಅಸಡ್ಡೆ. ಆ ಪಟ್ಟಿಯಲ್ಲಿ ಮೊದಲನೆಯವನು ನಾನು. ಹಲ್ಲು ಕೆಡುತ್ತದೆ, ಗೋಡೆ ಕೆಡುತ್ತದೆ ಎಂದು ನನ್ನ ತತ್ವ. ಅವರು ಬಟ್ಟಲಿನಿಂದ ಒಂದು ಲವಂಗ ಎತ್ತಿ ನನ್ನ ಅಂಗೈಗೆ ಹಾಕಿ, "ರಾಯರದು ಲವಂಗದ ಖಾತೆ. ಇವರಿಂದ ಡಬ್ಬಿಗೆ ಕಾಸಿನಷ್ಟೂ ಉಪಯೋಗ ಇಲ್ಲ" ಎಂದು ಕಪೂರ್ ಸಾಹೇಬರಿಗೆ ಹೇಳುತ್ತಿದ್ದರು.

ನಾವು ಅಲ್ಲಿಗೆ ಬಂದ ಎರಡನೇ ಬೇಸಿಗೆಯಲ್ಲಿ ಅವರು ಮೆಟ್ಟಿಲಿನಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಗಂಡನ ಅಣ್ಣನ ಮಗ ಘಾಜಿಯಾಬಾದಿನಲ್ಲಿದ್ದ. ಅವನು ಬಂದು ತನ್ನ ಮನೆಗೆ ಕರೆದುಕೊಂಡು ಹೊರಟ. ಕಾರಿನಲ್ಲಿ ಕೂತ ಮೇಲೆ ರುಕ್ಮಿಣಮ್ಮನವರು ನನ್ನನ್ನು ಕರೆಸಿ ಡಬ್ಬಿ ಕೈಗಿತ್ತರು.

"ಮೂರು ವಾರ ರಾಯರೇ. ದಿನ ಬಿಟ್ಟು ದಿನ ಎಲೆ ಬದಲಾಯಿಸಿ. ಬಟ್ಟೆ ಒದ್ದೆ ಇರ್ಲಿ. ಅಷ್ಟೇ."

"ನೀವು ನಿಶ್ಚಿಂತೆಯಿಂದ ಹೋಗಿಬನ್ನಿ. ವಸ್ತು ಜೋಪಾನ ಮಾಡೋದು ನನಗೆ ಹೇಳಿಕೊಡಬೇಕಾ?" ಎಂದೆ.

ಹೇಳಿಕೊಡಬೇಕಾಗಿತ್ತು. ನಮ್ಮ ಉಪಕರಣಗಳ ಉಗ್ರಾಣದಲ್ಲಿ ಒಂದೇ ನಿಯಮ: ಒರೆಸು, ಒಣಗಿಸು, ಒಳಗಿಡು. ತೇವ ಎಂದರೆ ತುಕ್ಕು, ತೇವ ಎಂದರೆ ಬೂಷ್ಟು. ಮನೆಗೆ ತಂದು ಡಬ್ಬಿಯನ್ನು ತೆರೆದೆ. ತಳದಲ್ಲಿ ಒದ್ದೆ ಬಟ್ಟೆ, ಎಲೆ. ಮೇ ತಿಂಗಳು. ನಮ್ಮ ಮನೆಯಲ್ಲಿ ಎಲೆ ತಿನ್ನುವವರಿಲ್ಲ. ಇದು ಕೊಳೆತು ಆ ಹಳೆಯ ವಸ್ತುವನ್ನು ಹಾಳು ಮಾಡುತ್ತದೆ, ಪಾಪ ಅವರಿಗೆ ಗೊತ್ತಿಲ್ಲ ಎಂದುಕೊಂಡೆ. ಎಲೆ ತೆಗೆದೆ. ತಟ್ಟೆ, ಬಟ್ಟಲು ಎಲ್ಲ ಒರೆಸಿದೆ. ಅರ್ಧ ದಿನ ಫ್ಯಾನಿನ ಕೆಳಗೆ ಇಟ್ಟೆ. ಆಮೇಲೆ ಹಳೆಯ ಅಭ್ಯಾಸದಂತೆ, ತೇವ ಹೀರುವ ಹರಳಿನ ನಾಲ್ಕು ಪೊಟ್ಟಣಗಳನ್ನು ಒಳಗೆ ಹಾಕಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಶಾರದಾ, "ಅವರು ಎಲೆ ಬದಲಾಯಿಸಿ ಅಂದಿದ್ದರಲ್ಲ?" ಎಂದಳು. "ನೀನು ಸುಮ್ಮನಿರು" ಎಂದೆ. ಹೊರಗೆ ಬಿಸಿಗಾಳಿ ಬೀಸುತ್ತಿತ್ತು. ನನ್ನದೇ ನೋಟ್‌ಬುಕ್ಕಿನಲ್ಲಿ ಆ ದಿನಗಳ ಸಂಜೆಯ ತೇವ ಬರೆದಿದೆ: ನೂರಕ್ಕೆ ಹದಿನಾಲ್ಕು, ಹನ್ನೆರಡು, ಹನ್ನೊಂದು. ನಾನೇ ಬರೆದು ನಾನೇ ಓದದ ಅಂಕಿಗಳು.

ಮೂರು ವಾರದ ಮೇಲೆ ಅವರು ಕೋಲೂರಿಕೊಂಡು ಬಂದರು. ಮನೆಯ ಬೀಗ ತೆಗೆಯುವುದಕ್ಕೂ ಮೊದಲು ನಮ್ಮ ಮನೆಗೇ ಮೆಟ್ಟಿಲು ಹತ್ತಿ ಬಂದರು. ನಾನು ಬೀರು ತೆರೆದು, ಬಿಳಿಯ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯನ್ನು ಹೆಮ್ಮೆಯಿಂದಲೇ ಅವರ ಮುಂದಿಟ್ಟೆ. ಬಿಚ್ಚಿದರು. ಮುಚ್ಚಳದ ಬದಿಯಲ್ಲಿ, ಆನೆಯೊಂದರ ಬೆನ್ನಿನ ಮೇಲಿಂದ ಬುಡದವರೆಗೆ, ಕೂದಲೆಳೆಯಷ್ಟು ಬಿರುಕು. ಒಳಗಿನ ಬಿದಿರು ಕಾಣುತ್ತಿತ್ತು.

ಅವರು ಮುಚ್ಚಳವನ್ನು ಡಬ್ಬಿಯ ಮೇಲಿಟ್ಟು ಕೈ ಬಿಟ್ಟರು. "ಒಂದು, ಎರಡು, ಮೂ..." ಮುಚ್ಚಳ ಟಕ್ಕೆಂದು ಕೂತಿತು. ಒಳಗಿನ ಗಾಳಿ ಬಿರುಕಿನಿಂದ ಹೋಗಿಬಿಟ್ಟಿತ್ತು.

"ರಾಯರೇ, ಎಲೆ?"

"ತೆಗೆದೆ."

"ಯಾಕೆ?"

"ಕೊಳೆಯುತ್ತೆ ಅಂತ."

"ಕೊಳೆಯೋ ಮುಂಚೆ ಬದಲಾಯಿಸಿ ಅಂದಿದ್ದೆ." ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ಟೀಪಾಯಿಯ ಮೇಲೆ ಸಾಲಾಗಿ ಇಟ್ಟರು. "ಇವೇನು?"

ಹೇಳಿದೆ.

"ಅಚ್ಛಾ," ಎಂದರು. ಕೊನೆಯ ಪೊಟ್ಟಣವನ್ನು ಸಾಲಿಗೆ ಸರಿಸಿ, "ಬಹಳ ಅಚ್ಚುಕಟ್ಟಾಗಿ ಕೊಂದಿದ್ದೀರಿ."

ನನ್ನ ಇಡೀ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಅಂಥ ಮಾತು ಆಡಿರಲಿಲ್ಲ. ಶಾರದಾ ಆಗಲೇ ಚಪ್ಪಲಿ ಮೆಟ್ಟಿಕೊಂಡು ರಾಮ್‌ಸನೇಹಿಯ ಅಂಗಡಿಗೆ ಹೊರಟಿದ್ದಳು. ಎಲೆ ಬಂತು. ರುಕ್ಮಿಣಮ್ಮನವರು ಬಟ್ಟೆ ನೆನೆಸಿ, ಹಿಂಡಿ, ಸುತ್ತಿ ತಳದಲ್ಲಿಟ್ಟರು. ಆ ಕೆಲಸ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಎತ್ತಿದಾಗ ಕೇಳಿದ್ದು ಒಂದೇ: "ಅಕ್ಕನಿಗೆ ಏನಂತ ಬರೀಲಿ?"

"ನಾನು ಒಡೆದೆ ಅಂತ ಬರೀರಿ. ನನ್ನ ಹೆಸರು ಹಾಕಿ ಬರೀರಿ," ಎಂದೆ.

"ನೋಡೋಣ," ಎಂದು ಡಬ್ಬಿಯನ್ನು ಎದೆಗವಚಿಕೊಂಡು ಎದ್ದರು. ಕೋಲು ಹಿಡಿಯಲು ಕೈ ಇರಲಿಲ್ಲ. ಡಬ್ಬಿಯನ್ನು ನನಗೆ ಕೊಡಲಿಲ್ಲ, ಕೋಲನ್ನು ಕೊಟ್ಟರು. ನಾನು ಕೋಲು ಹಿಡಿದು ಹಿಂದೆ ಹಿಂದೆ ಮೆಟ್ಟಿಲಿಳಿದೆ.

ಮರುದಿನ ಸಂಜೆ ಐದೂವರೆಗೆ ಬಾಲ್ಕನಿಯ ಲೆಕ್ಕ ಬರೆದು ಮುಗಿಸಿ, ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಕಪೂರ್ ಸಾಹೇಬರು ಎಲೆ ಜಗಿಯುತ್ತಾ ಕೂತಿದ್ದರು. "ಇವತ್ತು ತೇವ ಹದಿಮೂರು. ಬಟ್ಟೆಯನ್ನು ಎರಡು ಸಲ ಒದ್ದೆ ಮಾಡಬೇಕಾಗುತ್ತೆ" ಎಂದೆ. ರುಕ್ಮಿಣಮ್ಮನವರು ನನ್ನನ್ನೂ ನೋಟ್‌ಬುಕ್ಕನ್ನೂ ನೋಡಿದರು. ಒಂದು ಲವಂಗ ಎತ್ತಿ ಅಂಗೈಗೆ ಹಾಕಿದರು. ಕ್ಷಮಿಸಿದ್ದೇನೆ ಎಂದು ಅವರು ಬಾಯಿಬಿಟ್ಟು ಎಂದೂ ಹೇಳಲಿಲ್ಲ.

ಅಂದಿನಿಂದ ಸುಮಾರು ಐದು ವರ್ಷ ಇದು ನಡೆಯಿತು. ನಾನೊಂದು ಪಟ್ಟಿ ಮಾಡಿ ಅವರ ಗೋಡೆಗೆ ಅಂಟಿಸಿದೆ. ತೇವ ಇಪ್ಪತ್ತಕ್ಕಿಂತ ಕಡಿಮೆಯಾದರೆ ಡಬ್ಬಿಯನ್ನು ನೀರಿನ ಮಟ್ಕಾದ ಪಕ್ಕಕ್ಕೆ ಇಡುವುದು, ಬಟ್ಟೆಗೆ ಎರಡು ಸಲ ನೀರು. ಎಪ್ಪತ್ತು ದಾಟಿದರೆ ಬೂಷ್ಟು ಬರದಂತೆ ಒಂದು ಗಂಟೆ ಮುಚ್ಚಳ ತೆಗೆದಿಡುವುದು. ಅವರು ಆ ಪಟ್ಟಿಯನ್ನು ಎಂದೂ ಓದಲಿಲ್ಲ, ಡಬ್ಬಿಯ ಮೈಗೆ ಅಂಗೈ ಒತ್ತಿಯೇ ತಿಳಿದುಕೊಳ್ಳುತ್ತಿದ್ದರು. ಆದರೂ ದಿನಾ, "ಎಷ್ಟು ರಾಯರೇ?" ಎಂದು ಕೇಳುವುದು ಬಿಡಲಿಲ್ಲ. ಆಗಸ್ಟಿನಲ್ಲಿ ನಾನು "ಎಂಬತ್ತೆರಡು" ಎಂದರೆ ಅವರ ಮುಖ ಅರಳುತ್ತಿತ್ತು. "ಇವತ್ತು ರಂಗೂನು!" ಎಂದು ಕಿಟಕಿಗಳನ್ನೆಲ್ಲ ತೆರೆಸುತ್ತಿದ್ದರು. ಬೆವರು ಸುರಿಸುತ್ತಾ ಕೂತವರಿಗೆಲ್ಲ ಅವತ್ತು ಎರಡೆರಡು ಎಲೆ, ನನಗೆ ಎರಡು ಲವಂಗ.

ಬಿರುಕು ಮುಚ್ಚಲಿಲ್ಲ, ಆದರೆ ಬಿಗಿಯಿತು. ಮೊದಲ ಮಳೆಗಾಲದ ಕೊನೆಗೆ ಮುಚ್ಚಳ ಇಳಿಯಲು ನಾಲ್ಕು ಸೆಕೆಂಡು ಹಿಡಿಯಿತು. ಮೂರನೇ ವರ್ಷಕ್ಕೆ ಆರು. ಅಲ್ಲಿಗೆ ನಿಂತಿತು.

ಒಮ್ಮೆ ಸೊಸೈಟಿಯ ಕಾರ್ಯದರ್ಶಿ ದಕ್ಷಿಣ ದೆಹಲಿಯ ಒಬ್ಬ ಮಹಿಳೆಯನ್ನು ಕರೆತಂದ. ದೊಡ್ಡವರ ಮನೆಗಳನ್ನು ಅಲಂಕರಿಸುವುದು ಆಕೆಯ ಉದ್ಯೋಗ. ಡಬ್ಬಿಯನ್ನು ನೋಡಿ ಆಕೆ ನೆಲದ ಮೇಲೇ ಕೂತುಬಿಟ್ಟಳು. "ಆಂಟಿ, ಇದು ಆಂಟೀಕ್! ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲಿಂದ ಲೈಟ್ ಬಿಡ್ತೀವಿ. ಯಾರೂ ಮುಟ್ಟೋ ಹಾಗಿಲ್ಲ."

"ಲೈಟ್ ಯಾಕಮ್ಮಾ? ಅದೇನು ಕಳ್ಳತನ ಮಾಡಿ ಸಿಕ್ಕಿಬಿದ್ದಿದೆಯಾ?" ಎಂದು ರುಕ್ಮಿಣಮ್ಮನವರು ಹಿಂದಿಯಲ್ಲಿ ಕೇಳಿದರು. "ಒಳಗೆ ಎಲೆ ಇಡ್ತೀರಾ?"

"ಇಲ್ಲ ಇಲ್ಲ, ಪೂರ್ತಿ ಕ್ಲೀನ್ ಆಗಿ..."

"ಅದನ್ನ ಇವರು ಮಾಡಿ ನೋಡಿದ್ದಾರೆ," ಎಂದು ನನ್ನ ಕಡೆ ಬೆರಳು ತೋರಿಸಿದರು. "ಜೋಪಾನ ಮಾಡೋದ್ರಲ್ಲಿ ದೊಡ್ಡ ಪಂಡಿತರು. ಕೇಳಿ ತಿಳ್ಕೊಳ್ಳಿ. ಮೊದಲು ಎಲೆ ಹಾಕ್ಕೊಳ್ಳಿ."

ಆಕೆ ಎಲೆ ಹಾಕಿಕೊಂಡು ಹೋದಳು. ಮುಂದಿನ ತಿಂಗಳು ಮತ್ತೆ ಬಂದಳು, ಬರೀ ಎಲೆಗಾಗಿ.

ಅಕ್ಕನಿಂದ ವರ್ಷಕ್ಕೆ ಎರಡೋ ಮೂರೋ ಕಾಗದ ಬರುತ್ತಿದ್ದವು, ಬಾಗಿದ ಹಳೆಯ ಕನ್ನಡ ಅಕ್ಷರಗಳಲ್ಲಿ. ಒಂದು ಚಳಿಗಾಲದ ಕಾಗದದಲ್ಲಿ, ಬರುವ ವರ್ಷ ಡಿಸೆಂಬರಿನಲ್ಲಿ ಮಗಳು ಬೋಧಗಯೆಗೆ ಯಾತ್ರೆ ಬರುತ್ತಾಳೆ, ಅಲ್ಲಿಂದ ದೆಹಲಿಗೂ ಬಂದು ಡಬ್ಬಿ ತೆಗೆದುಕೊಂಡು ಹೋಗುತ್ತಾಳೆ ಎಂದಿತ್ತು. ರುಕ್ಮಿಣಮ್ಮನವರು ಆ ಕಾಗದವನ್ನು ಅಡಿಕೆಯ ತಟ್ಟೆಯ ಕೆಳಗಿಟ್ಟು ಬಂದವರಿಗೆಲ್ಲ ತೋರಿಸಿದರು. ಅದಾದ ಎರಡು ತಿಂಗಳಿಗೆ, ಫೆಬ್ರವರಿಯಲ್ಲಿ, ಎದೆಗೆ ಕಫ ಕಟ್ಟಿತು.

ನಾನು ಕೊನೆಯ ಸಲ ಮಾತಾಡಿದ್ದು ಅವರ ಮನೆಯಲ್ಲೇ. ರಜಾಯಿ ಹೊದ್ದು ದಿಂಬಿಗೆ ಒರಗಿದ್ದರು. ಡಬ್ಬಿ ಪಕ್ಕದ ಸ್ಟೂಲಿನ ಮೇಲಿತ್ತು. ಅದನ್ನು ನನ್ನ ಕಡೆ ಸರಿಸಿದರು.

"ಡಿಸೆಂಬರ್‌ವರೆಗೆ ರಾಯರೇ."

"ನೀವೇ ಕೊಡ್ತೀರಿ ಬಿಡಿ."

"ಸುಮ್ನೆ ಮಾತು ಬೇಡ. ಈ ಸಲ?"

"ಈ ಸಲ ಎಲೆ ಬದಲಾಯಿಸ್ತೀನಿ."

"ತಿನ್ನೋರು ಯಾರು? ಹಾಗೇ ಬಿಸಾಕಬಾರದು ಎಲೇನ."

"ಯಾರನ್ನಾದರೂ ಕರೀತೀನಿ."

ಕೆಮ್ಮಿನ ನಡುವೆಯೂ ನಕ್ಕರು. "ನಿಮ್ಮ ಮನೆಗೆ ಯಾರು ಬರ್ತಾರೆ? ಬಂದೋರನ್ನ ಗಡಿಯಾರ ನೋಡ್ಕೊಂಡು ಮಾತಾಡಿಸ್ತೀರಿ."

ಅದು ನಿಜ. ನಾಲ್ಕು ದಿನದ ಮೇಲೆ ಅವರು ತೀರಿಕೊಂಡರು. ಘಾಜಿಯಾಬಾದಿನವನು ಬಂದು ಮನೆ ಖಾಲಿ ಮಾಡಿಸಿದ. "ಅಂಕಲ್, ಆ ಡಬ್ಬಿ ನಿಮಗೆ ಅಂತ ಚಾಚಿ ಹೇಳಿದ್ದರು" ಎಂದ. ನನಗಲ್ಲ ಎಂದು ತಿದ್ದಿದೆ. ಪದ್ದಕ್ಕನವರಿಗೆ ಕನ್ನಡದಲ್ಲಿ ಕಾಗದ ಬರೆದು, ಡಬ್ಬಿ ನನ್ನ ಬಳಿ ಇದೆ, ಎಲೆ ತುಂಬಿದೆ ಎಂದು ತಿಳಿಸಿದೆ.

ಮೊದಲ ದಿನ ಸಂಜೆ ಐದೂವರೆಗೆ ಲೆಕ್ಕ ಬರೆದು, ನಮ್ಮ ಬಾಗಿಲು ತೆರೆದಿಟ್ಟು, ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು ಕೂತೆ. ಯಾರೂ ಬರಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಕೆಳಗಿಳಿದು ವಾಚ್‌ಮನ್‌ನನ್ನು ಕರೆತಂದೆ. ಅವನು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಸೋಫಾದ ತುದಿಯಲ್ಲಿ ಕೂತು ಎಲೆ ಹಾಕಿಕೊಂಡು ಓಡಿದ. "ನೀವು ಹಾಗೆ ಎದುರಿಗೆ ಕೂತು ನೋಡಬೇಡಿ. ಏನಾದರೂ ಮಾತಾಡಿ," ಎಂದಳು ಶಾರದಾ. ಏನು ಮಾತಾಡುವುದು? ಹವೆಯ ಬಗ್ಗೆ ಮಾತಾಡಿದೆ. ದೆಹಲಿಯಲ್ಲಿ ಹವೆಯ ಬಗ್ಗೆ ಎಲ್ಲರಿಗೂ ದೂರಿದೆ ಎಂದು ಆಗ ಗೊತ್ತಾಯಿತು. ಇಸ್ತ್ರಿಯವನು ಬಂದ. ಕಪೂರ್ ಸಾಹೇಬರು ಮಂಡಿನೋವು ಲೆಕ್ಕಿಸದೆ ಬಂದರು. ಮೆಟ್ರೋ ಕಂಬಕ್ಕೆ ಗುಂಡಿ ತೋಡಲು ಬಂದಿದ್ದ ಬಿಹಾರದ ಇಬ್ಬರು ಕೆಲಸಗಾರರು, ನಾಳೆ ಗಾಳಿ ಹೇಗೆ ಎಂದು ಕೇಳಿಕೊಂಡು ಬಂದರು. ಮೇ ತಿಂಗಳ ಹೊತ್ತಿಗೆ ನಮ್ಮ ಬಾಗಿಲ ಹೊರಗೆ ಆರೇಳು ಜೊತೆ ಚಪ್ಪಲಿ ಇರುತ್ತಿದ್ದವು, ಅಡ್ಡಾದಿಡ್ಡಿಯಾಗಿ. ಮೊದಮೊದಲು ನಾನು ಅವನ್ನು ಸಾಲಾಗಿ ಜೋಡಿಸಿಡುತ್ತಿದ್ದೆ. ಆಮೇಲೆ ಬಿಟ್ಟೆ.

ಆ ಬೇಸಿಗೆಯಲ್ಲಿ ತೇವ ಒಂದು ದಿನ ಒಂಬತ್ತಕ್ಕೆ ಇಳಿಯಿತು. ಅವತ್ತು ಬಟ್ಟೆಗೆ ನಾಲ್ಕು ಸಲ ನೀರು ಹಾಕಿದೆ. ಮುಚ್ಚಳ ಇಳಿಯುವುದನ್ನು ಮಾತ್ರ ಎಣಿಸಲಿಲ್ಲ. ಧೈರ್ಯವಾಗಲಿಲ್ಲ.

ಡಿಸೆಂಬರಿನಲ್ಲಿ ಪದ್ದಕ್ಕನವರ ಮಗಳು ಬಂದರು. ಹೆಸರು ಖಿನ್ ಮೇ, ಐವತ್ತರ ಆಸುಪಾಸು. ಕಣಕಾಲಿನವರೆಗೆ ಇಳಿದ ಹೂವಿನ ಲುಂಗಿ, ಮೇಲೆ ಎರಡು ಸ್ವೆಟರು, ಚಳಿಗೆ ಕೆಂಪಾದ ಮೂಗು. ಬಾಗಿಲು ತೆರೆದ ನಮ್ಮಿಬ್ಬರಿಗೆ ಕೈ ಮುಗಿದು, "ಬನ್ನಿ, ಕೂತ್ಕೊಳ್ಳಿ, ಎಲೆ ಹಾಕ್ಕೊಳ್ಳಿ" ಎಂದರು.

ಶಾರದಾ ಜೋರಾಗಿ ನಕ್ಕಳು. "ಇದನ್ನ ನಾವು ಹೇಳ್ಬೇಕಮ್ಮಾ!"

ಆಕೆಗೆ ಬರುತ್ತಿದ್ದ ಕನ್ನಡ ಅಷ್ಟೇ. ತಾಯಿ ಬಂದವರಿಗೆಲ್ಲ ಹೇಳುತ್ತಿದ್ದದ್ದನ್ನು ಕೇಳಿ ಕಲಿತದ್ದು. ಉಳಿದ ಮಾತೆಲ್ಲ ನಿಧಾನದ ಇಂಗ್ಲಿಷಿನಲ್ಲಿ ನಡೆಯಿತು.

ಡಬ್ಬಿಯನ್ನು ಮುಂದಿಟ್ಟೆ. ಬೆಳಿಗ್ಗೆಯಷ್ಟೇ ತಂದ ಇಪ್ಪತ್ತು ಎಲೆ ಒಳಗಿತ್ತು. ಆಕೆ ಮೊದಲು ಅಂಗೈಯನ್ನು ಅದರ ಮೈಗೆ ಒತ್ತಿ ಹಿಡಿದರು, ಥೇಟು ರುಕ್ಮಿಣಮ್ಮನವರಂತೆ. ಆಮೇಲೆ ಬಿರುಕಿನ ಮೇಲೆ ಬೆರಳಾಡಿಸಿದರು. "ಇದು ಗೊತ್ತು. ಚಿಕ್ಕಮ್ಮ ಬರೆದಿದ್ದರು. ಕಾಲು ಮುರಿದ ಬೇಸಿಗೆಯಲ್ಲಿ ನಾನೇ ಎಲೆ ತೆಗೆದು, ಒಣಗಿಸಿ, ಬೀರುವಿನಲ್ಲಿಟ್ಟು ಒಡೆದುಬಿಟ್ಟೆ ಅಂತ."

ಐದು ವರ್ಷ ರುಕ್ಮಿಣಮ್ಮನವರು ದಿನಾ ನನ್ನನ್ನು ಹಂಗಿಸಿದ್ದರು. ಇಸ್ತ್ರಿಯವನಿಗೂ ಗೊತ್ತಿತ್ತು ಡಬ್ಬಿ ಒಡೆದವನು ಯಾರೆಂದು. ಗೊತ್ತಾಗಲೇಬೇಕಾಗಿದ್ದ ಒಬ್ಬರಿಗೆ ಮಾತ್ರ ಅವರು ಹೇಳಿರಲಿಲ್ಲ. ತಪ್ಪು ಬರೆದ ಅಂಕಿಯನ್ನು ಹಾಗೇ ಬಿಡುವುದು ನನ್ನಿಂದ ಆಗದ ಕೆಲಸ.

"ಅದು ಸುಳ್ಳು," ಎಂದೆ. "ಒಡೆದದ್ದು ನಾನು. ಎಲೆ ಬದಲಾಯಿಸಿ ಅಂದಿದ್ದರು. ನಾನು ಕೇಳಲಿಲ್ಲ. ನಿಮ್ಮ ತಾಯಿಯವರಿಗೆ ಹಾಗೆಯೇ ಹೇಳಿ."

ಖಿನ್ ಮೇ ನನ್ನನ್ನು ನೋಡಿ ನಗತೊಡಗಿದರು. "ಅಮ್ಮನಿಗೆ ಆವತ್ತೇ ಗೊತ್ತಾಯಿತು. ಕಾಗದ ಓದಿ ಏನಂದರು ಗೊತ್ತಾ? ರುಕ್ಕು ಕೂತಲ್ಲೇ ಸುಳ್ಳು ಬರೆದಿದ್ದಾಳೆ. ಎಲೆ ತೆಗೆದು ಡಬ್ಬಿ ಒಣಗಿಸೋ ಹೆಣ್ಣು ನಮ್ಮ ಮನೆಯಲ್ಲಿ ಹುಟ್ಟಿಲ್ಲ. ಇದು ಯಾರೋ ಗಂಡಸಿನ ಕೆಲಸ. ಅದೂ ತುಂಬ ಜವಾಬ್ದಾರಿ ಇರೋ ಗಂಡಸಿನ ಕೆಲಸ."

ಶಾರದಾ ಒಳಗೆ ಹೋಗಿ ನಕ್ಕಳು. ನನಗೆ ಕೇಳಿಸುತ್ತಿತ್ತು.

ಖಿನ್ ಮೇ ಡಬ್ಬಿ ತೆರೆದು ಶಾರದಾಳಿಗೆ ಒಂದು ಎಲೆ ಮಡಿಸಿಟ್ಟರು, ತಮಗೊಂದು ಹಾಕಿಕೊಂಡರು. ಆಮೇಲೆ ನನ್ನನ್ನು ಏನೂ ಕೇಳದೆ, ಬಟ್ಟಲಿನಿಂದ ಒಂದು ಲವಂಗ ಎತ್ತಿ ನನ್ನ ಅಂಗೈಗೆ ಹಾಕಿದರು.

ನನ್ನ ಲವಂಗದ ಖಾತೆ ಯಾವ ಕಾಗದದಲ್ಲಿತ್ತೋ ನಾನು ಕೇಳಲಿಲ್ಲ.

ಎರಡು ದಿನದ ಮೇಲೆ ಅವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಟ್ಯಾಕ್ಸಿಯಲ್ಲಿ ಕೂತರು. ವಿಮಾನ ನಿಲ್ದಾಣದಲ್ಲಿ ತೆರೆಸಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಎಲೆ ಕೊಡ್ತೀನಿ," ಎಂದರು. ಬಿರುಕಿಗೆ ಸೋನೆ ತುಂಬಿಸಬಹುದು, ಬಗಾನ್ ಕಡೆಯ ಕೆಲಸಗಾರನೊಬ್ಬ ಪರಿಚಯವಿದ್ದಾನೆ, ಗೆರೆ ಮಾತ್ರ ಉಳಿಯುತ್ತದೆ ಎಂದೂ ಹೇಳಿದರು. ಟ್ಯಾಕ್ಸಿ ಗೇಟು ದಾಟುವಾಗ ರಾಮ್‌ಸನೇಹಿ ಅಂಗಡಿಯಿಂದ ಎದ್ದು ನಿಂತು ಕೈ ಮುಗಿದ, ಡಬ್ಬಿಗೆ.

ಫೆಬ್ರವರಿಯಲ್ಲಿ ಒಂದು ಸಂಜೆ, ನಾನು ಬಾಲ್ಕನಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಫೋನ್ ಬಂತು. ಖಿನ್ ಮೇ. "ಅಮ್ಮ ನಿಮ್ಮ ಹತ್ತಿರ ಮಾತಾಡಬೇಕಂತೆ" ಎಂದರು. ಗೊರಗೊರ ಸದ್ದು. ಆಮೇಲೆ ಒಂದು ದನಿ ಬಂತು. ಇನ್ನಷ್ಟು ಮುದಿ, ಇನ್ನಷ್ಟು ತೆಳು, ಆದರೆ ಅದೇ ದನಿ, ಯಾವ ಊರಿನ ವಾಸನೆಯೂ ಇಲ್ಲದ ಅದೇ ಕನ್ನಡ.

"ರಾಯರಾ? ಸ್ವಲ್ಪ ಇರಿ. ಈಗ ಮುಚ್ಚಳ ಇಡ್ತಾ ಇದ್ದೀನಿ, ಕೇಳಿಸ್ಕೊಳ್ಳಿ."

ಏನೂ ಕೇಳಿಸಲಿಲ್ಲ. ಮುಚ್ಚಳ ಇಳಿಯುವುದು ಯಾರಿಗೆ ಕೇಳಿಸುತ್ತದೆ. ಎಣಿಸುವುದು ಕೇಳಿಸಿತು, ಆತುರವಿಲ್ಲದೆ. ಒಂದು. ಎರಡು. ಮೂರು. ನಾನು ಗಡಿಯಾರ ನೋಡಲಿಲ್ಲ. ನಾಲ್ಕು. ಐದು. ಆರು.

"ಏಳು ರಾಯರೇ," ಎಂದರು ಪದ್ದಕ್ಕ. "ಸಾಕು ಬಿಡಿ."

ಫೋನ್ ಇಟ್ಟು ಬಂದು ನೋಟ್‌ಬುಕ್ ತೆಗೆದೆ. ಐದೂವರೆ ದಾಟಿ ಹನ್ನೆರಡು ನಿಮಿಷವಾಗಿತ್ತು. ಅವತ್ತಿನ ತೇವದ ಸಾಲನ್ನು ಖಾಲಿ ಬಿಟ್ಟು, ಅದರ ಪಕ್ಕದಲ್ಲಿ ಏಳು ಎಂದು ಬರೆದೆ.